ಅತ್ತೆಯ ಅರ್ಧ, ಸೊಸೆಯ ಅರ್ಧ

ಇಸ್ತ್ರಿ ವಿಭಾಗದಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅದು ವಯಸ್ಸಿಗೆ ಕೊಟ್ಟ ಮರ್ಯಾದೆ, ಗಾತ್ರಕ್ಕಲ್ಲ ಎಂದು ಅವಳು ಬಹಳ ವರ್ಷ ನಂಬಿಕೊಂಡಿದ್ದಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಉದ್ದ ಕೋಣೆ. ಒಗೆದು ಹಿಂಡಿದ ಹಾಸಿಗೆ ಬಟ್ಟೆಗಳು ಗಾಡಿಗಟ್ಟಲೆ ಬಂದು ಬೀಳುತ್ತಿದ್ದವು. ಇಬ್ಬರು ಹೆಂಗಸರು ಆಚೆ ಈಚೆ ನಿಂತು, ತುದಿ ಹಿಡಿದು ಕೊಡವಿ, ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಬಟ್ಟೆಯನ್ನು ನೇರವಾಗಿ ಕೊಡಬೇಕು. ಒಂದು ಬೆರಳಷ್ಟು ಓರೆಯಾದರೂ ಸುಕ್ಕು ಬಿದ್ದು ಮತ್ತೆ ಮೊದಲಿನಿಂದ ಶುರು. ಬಲಗಡೆ ದೊಡ್ಡಕ್ಕ. ಎಡಗಡೆ, ಉರುಳೆ ನಿಂತರೂ ಬಾಯಿ ನಿಲ್ಲದ ಅವಳ ಜೊತೆಗಾತಿ. ಅವಳಿಗೆ ಗಿಳಿ ಎಂದೇ ಅಡ್ಡಹೆಸರು.

ಅಲ್ಲಿ ಕೂರುವ ಪ್ರಶ್ನೆಯೇ ಇರಲಿಲ್ಲ. ನಿಂತು ನಿಂತು ದೊಡ್ಡಕ್ಕನ ಬಲಮಂಡಿ ಕೈಕೊಟ್ಟಿತು. ಮೊದಮೊದಲು ಮೆಟ್ಟಿಲು ಹತ್ತುವಾಗ ಚುಚ್ಚುತ್ತಿದ್ದದ್ದು ಆಮೇಲಾಮೇಲೆ ಸುಮ್ಮನೆ ಮಲಗಿದ್ದರೂ ಜೀವ ಹಿಂಡತೊಡಗಿತು. ಅದೇ ಆಸ್ಪತ್ರೆಯ ಮೂರನೆಯ ಮಹಡಿಯ ಮೂಳೆ ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, ಸವೆದ ಮಂಡಿಯನ್ನು ಬದಲಿಸಲೇಬೇಕು ಅಂದರು. ಅಂದವರು ಮುಖ ಎತ್ತಿ ಅವಳನ್ನೊಮ್ಮೆ ನೋಡಿ, "ಆದರೆ ಹತ್ತು ಕಿಲೋ ಇಳಿಸ್ಕೊಂಡು ಬನ್ನಿ, ಆಮೇಲೆ ಮಾತಾಡೋಣ" ಎಂದು ಚೀಟಿ ಬರೆದರು. ಆ ದಿನ ಅವಳಿಗೆ ತನ್ನ ಅಡ್ಡಹೆಸರಿನ ಮೇಲೆ ಮೊದಲ ಬಾರಿಗೆ ಅನುಮಾನ ಬಂತು.

ಚೀಟಿ ಅವಳನ್ನು ಪಥ್ಯದ ಮೇಡಂ ಹತ್ತಿರ ಕಳಿಸಿತು. ಮೇಡಂ ಅಂದರೆ ಮಗಳ ವಯಸ್ಸಿನ ಹುಡುಗಿ, ತಣ್ಣನೆಯ ಮಾತು. ಬ್ರೆಡ್ಡು ಎಷ್ಟು, ಮೊಟ್ಟೆ ಎಷ್ಟು, ಎಣ್ಣೆ ಎಷ್ಟು ಚಮಚ ಎಂದೆಲ್ಲ ಹೇಳಿಕೊಟ್ಟು ಕೊನೆಗೆ, "ನಿಮಗೆ ತುಂಬಾ ಇಷ್ಟವಾದದ್ದು ಏನು? ನಿಜ ಹೇಳಿ" ಎಂದು ಕೇಳಿದಳು.

ದೊಡ್ಡಕ್ಕ ಕಳ್ಳಿಯ ಹಾಗೆ ತಲೆ ತಗ್ಗಿಸಿ, "ಡೋನಟ್" ಅಂದಳು.

"ಹಾಗಾದ್ರೆ ತಿನ್ನಿ."

"ಆಂ?"

"ವಾರಕ್ಕೊಂದು. ಕದ್ದು ತಿನ್ಬೇಡಿ, ಲೆಕ್ಕಕ್ಕೆ ಹಿಡಿದು ತಿನ್ನಿ. ಒಂದು ಡೋನಟ್ಟಿಗೆ ಹೆಚ್ಚೂಕಮ್ಮಿ ಮುನ್ನೂರು ಕ್ಯಾಲೊರಿ ಅಂತ ಇಟ್ಕೊಳ್ಳಿ. ಆ ದಿನ ಸಂಜೆ ಬ್ರೆಡ್ಡು ಬಿಡಿ, ಚಹಾಕ್ಕೆ ಸಕ್ಕರೆ ಬಿಡಿ. ಪೂರ್ತಿ ಬಿಡ್ತೀನಿ ಅಂದವರು ಯಾರೂ ನನ್ನ ಹತ್ರ ಎರಡನೇ ಸಲ ಬಂದಿಲ್ಲ."

ಹಾಗೆ ಶನಿವಾರ ಅವಳ ಪಾಲಿಗೆ ಬೇರೆಯೇ ವಾರವಾಯಿತು. ಕೆಲಸ ಮುಗಿಸಿ ಬಸ್ ನಿಲ್ದಾಣದ ಮೂಲೆಯ ಅಂಗಡಿಗೆ ಹೋಗಿ, ಗಾಜಿನ ಪಕ್ಕದ ಎತ್ತರದ ಕುರ್ಚಿ ಬಿಟ್ಟು ಗೋಡೆ ಬದಿಯ ತಗ್ಗಿನ ಕುರ್ಚಿ ಹಿಡಿದು, ಸಕ್ಕರೆ ಪುಡಿ ಉದುರಿಸಿದ ಒಂದೇ ಒಂದು ಡೋನಟ್ ತಿನ್ನುತ್ತಿದ್ದಳು. ನಿಧಾನವಾಗಿ ತಿನ್ನುತ್ತಿದ್ದಳು. ಆ ಹೊತ್ತು ಕೈಯಲ್ಲಿ ಬಟ್ಟೆಯಿಲ್ಲ, ಕಿವಿಯಲ್ಲಿ ಗಿಳಿಯಿಲ್ಲ, ಯಾರೂ ಏನೂ ಕೇಳುವುದಿಲ್ಲ. ತಿಂದು, ಬೆರಳು ಒರೆಸಿ, ಮುಂದಿನ ಬಸ್ಸು ಹಿಡಿಯುತ್ತಿದ್ದಳು. ಉಳಿದ ದಿನಗಳಲ್ಲಿ ಹೊಟ್ಟೆ ತಾಳ ಹಾಕಿದರೂ ಶನಿವಾರ ನೆನೆದು ಸುಮ್ಮನಿರುತ್ತಿದ್ದಳು. ತೂಕ ಇಳಿಯಿತು. ಅರ್ಧಕ್ಕಿಂತ ಹೆಚ್ಚು ದಾರಿ ಸವೆಸಿದ್ದಳು. ಸಮವಸ್ತ್ರದ ಸೊಂಟಪಟ್ಟಿಗೆ ಗಿಳಿಯೇ ಪಿನ್ನು ಚುಚ್ಚಿಕೊಟ್ಟು, "ದೊಡ್ಡಕ್ಕ, ಇನ್ನು ನಿನ್ನನ್ನ ಸಣ್ಣಕ್ಕ ಅಂತ ಕರೀಬೇಕೋ ಏನೋ" ಅಂದಿದ್ದಳು.

ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು.

ಎದೆಗೆ ಕಫ ಕಟ್ಟಿ ಬಂದ ಜ್ವರ. ಎರಡು ವಾರಕ್ಕೆ ಜ್ವರವೇನೋ ಹೋಯಿತು. ಹೋಗುವಾಗ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಏನು ಕೊಟ್ಟರೂ ಮಣ್ಣು, ಏನು ಕೊಟ್ಟರೂ ಬೂದಿ. ಸೂಪಿನ ಬಟ್ಟಲು ಆರಿ ಕೆನೆ ಕಟ್ಟುತ್ತಿತ್ತು. ಮೊದಲೇ ಹಕ್ಕಿಯಂಥ ಮೈ, ಈಗ ಮೊಣಕೈ ಮೂಳೆ ಹಾಸಿಗೆಗೆ ಒತ್ತಿ ಹುಣ್ಣಾಗುವ ಹಾಗಾಯಿತು. ಬಂದು ನೋಡಿದ ಡಾಕ್ಟರು, "ಪಥ್ಯ ಗಿಥ್ಯ ಏನೂ ಬೇಡ. ಏನು ತಿಂತಾರೋ ಅದನ್ನ ಕೊಡಿ. ತೂಕ ಏರ್ಬೇಕು" ಅಂದರು. ಒಂದೇ ಮನೆಯಲ್ಲಿ ಒಬ್ಬಳು ಇಳಿಯಬೇಕು, ಇನ್ನೊಬ್ಬರು ಏರಬೇಕು. ಅಡುಗೆಮನೆಯಲ್ಲಿ ಎರಡು ಪಾತ್ರೆ, ಎರಡು ಅಳತೆ. ಒಂದಕ್ಕೆ ಬೆಣ್ಣೆ ಸುರಿಯುವುದೂ ಇನ್ನೊಂದಕ್ಕೆ ಎಣ್ಣೆಯನ್ನು ಚಮಚದಲ್ಲಿ ಅಳೆಯುವುದೂ ದೊಡ್ಡಕ್ಕನದೇ ಕೈ.

ಅವಳ ಗಂಡ ಲಿಫ್ಟ್ ರಿಪೇರಿಯವನು. ಊರಿನ ಯಾವ ಮೂಲೆಯಲ್ಲಿ ಯಾರು ಎರಡು ಮಹಡಿಯ ನಡುವೆ ಸಿಕ್ಕಿಹಾಕಿಕೊಂಡರೂ ಇವನು ಓಡಬೇಕು. ಮನೆಯಲ್ಲಿದ್ದಾಗ ತಾಯಿಯ ಬಾಗಿಲಲ್ಲಿ ನಿಂತು, "ಅಮ್ಮ, ತಿಂದ್ಯಾ?" ಎಂದು ಕೇಳುವುದು ಅವನ ಸೇವೆ. "ತಿಂದೆ" ಎಂದು ಅವರು ಸುಳ್ಳು ಹೇಳಿದರೆ ನಂಬುವುದೂ ಅವನ ಸೇವೆಯೇ.

ಒಂದು ಶನಿವಾರ ಅಂಗಡಿಯಲ್ಲಿ ತಗ್ಗಿನ ಕುರ್ಚಿ ಖಾಲಿಯಿರಲಿಲ್ಲ. ಮಂಡಿ ಬೇರೆ ಉರಿಯುತ್ತಿತ್ತು. ದೊಡ್ಡಕ್ಕ ಡೋನಟ್ಟನ್ನು ಕಾಗದದ ಚೀಲದಲ್ಲಿ ಕಟ್ಟಿಸಿಕೊಂಡು ಮನೆಗೇ ತಂದಳು. ಅತ್ತೆಯ ಕೋಣೆಯಲ್ಲಿ ದಿಂಬು ಸರಿಮಾಡುವಾಗ ಚೀಲ ಸರಕ್ ಎಂದಿತು.

"ಅದೇನೇ?"

"ಏನಿಲ್ಲ ಅತ್ತೆ. ಡೋನಟ್."

"ತೋರಿಸು." ನೋಡಿ, "ತೂತಿನ ಬನ್ನು" ಅಂದರು. "ಮಧ್ಯದ್ದು ಯಾರು ತಿಂದ್ರು?"

ಸೊಸೆಗೆ ಎಷ್ಟೋ ದಿನದ ಮೇಲೆ ನಗು ಬಂತು. ಅರ್ಧ ಮುರಿದು ಕೊಟ್ಟಳು. ಅತ್ತೆ ಮೂಸಿ ನೋಡಿ, ತುದಿ ಕಚ್ಚಿ, ಕಣ್ಣು ಮುಚ್ಚಿ ಅಗಿದರು. ಇನ್ನೊಂದು ತುತ್ತು. ಆಮೇಲೆ ಇನ್ನೊಂದು. ತುಟಿಗೆ ಅಂಟಿದ ಸಕ್ಕರೆಯನ್ನೂ ನೆಕ್ಕಿ, "ಇದಕ್ಕೆ ರುಚಿ ಇದೆ" ಎಂದು ತೀರ್ಪು ಕೊಟ್ಟರು.

ಅಲ್ಲಿಗೆ ಸೊಸೆಯ ಶನಿವಾರ ಮುಗಿಯಿತು.

ಮರುದಿನ ಅವರಿಗೆ ಮತ್ತೆ ಬೇಕು. ಅದರ ಮರುದಿನವೂ ಬೇಕು. ತರುವುದು ಕಷ್ಟವಿರಲಿಲ್ಲ, ದಾರಿಯಲ್ಲೇ ಅಂಗಡಿ. ಆದರೆ ಅತ್ತೆ ಒಬ್ಬರೇ ತಿನ್ನಲೊಲ್ಲರು. ತಟ್ಟೆ ಮುಂದಿಟ್ಟು ಸೊಸೆ ಎದ್ದರೆ ಅವರೂ ಕೈ ಹಿಂದೆ ತೆಗೆಯುತ್ತಿದ್ದರು.

"ನೀನೂ ತಿನ್ನು."

"ನನಗೆ ಬೇಡ ಅತ್ತೆ."

"ನಿನ್ನೆ ಬೇಕಿತ್ತು, ಇವತ್ತು ಬೇಡ್ವಾ? ಒಬ್ಬಳೇ ಮೂಲೇಲಿ ಕೂತು ತಿನ್ನೋಕೆ ನಾನೇನು ಬೆಕ್ಕಾ? ಹಾಗಾದ್ರೆ ನನಗೂ ಬೇಡ, ತಗೊಂಡು ಹೋಗು."

ಗಂಡನನ್ನು ಕೂರಿಸೋಣವೆಂದರೆ ಅವನು ಕೈ ಅಲ್ಲಾಡಿಸಿದ. "ನನಗೆ ಶುಗರ್ ಇದೆಯಲ್ಲ. ನೀನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೋ. ಅರ್ಧ ತಾನೇ?"

ಅರ್ಧ ತಾನೇ. ಈ ಅರ್ಧದ ಲೆಕ್ಕವನ್ನು ಅವಳು ಬಸ್ಸಿನಲ್ಲಿ ಕೂತು ಹಾಕುತ್ತಿದ್ದಳು. ದಿನಕ್ಕೆ ಅರ್ಧವೆಂದರೆ ವಾರಕ್ಕೆ ಮೂರೂವರೆ. ಅದಕ್ಕೆ ಸರಿಯಾಗಿ ಸಂಜೆಯ ಬ್ರೆಡ್ಡು ಬಿಟ್ಟಳು. ಆಮೇಲೆ ಮಧ್ಯಾಹ್ನದ ಎರಡನೇ ಮೊಟ್ಟೆಯನ್ನೂ ಬಿಟ್ಟಳು. ಹಸಿವು ತಡೆಯದೆ ಯಾವಾಗಲೋ ಅತ್ತೆ ಮುಟ್ಟದೆ ಬಿಟ್ಟ ಬೆಣ್ಣೆ ಸೂಪನ್ನು ಸಿಂಕಿನ ಮುಂದೆ ನಿಂತೇ ಕುಡಿದುಬಿಟ್ಟು, ಅದನ್ನು ಯಾವ ಲೆಕ್ಕಕ್ಕೆ ಸೇರಿಸುವುದೋ ತಿಳಿಯದೆ ನಿಂತಳು. ಉರುಳೆಯ ಮುಂದೆ ಒಂದು ದಿನ ಕಣ್ಣು ಕತ್ತಲೆ ಬಂದು ಬಟ್ಟೆ ಓರೆಯಾಯಿತು. ಗಿಳಿ ಉರುಳೆ ನಿಲ್ಲಿಸಿ, ಮಾತನ್ನೂ ನಿಲ್ಲಿಸಿ, ಅವಳನ್ನು ಗಾಡಿಯ ಅಂಚಿಗೆ ಕೂರಿಸಿ ನೀರು ಕುಡಿಸಿದಳು.

ತೂಕ ಮೊದಲು ನಿಂತಿತು, ಆಮೇಲೆ ಏರಿತು.

ಪಥ್ಯದ ಮೇಡಂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಏನಾಯ್ತು?" ಎಂದು ಮೆಲ್ಲಗೆ ಕೇಳಿದಳು. ದೊಡ್ಡಕ್ಕ ಎಲ್ಲವನ್ನೂ ಹೇಳಿ, ಕೊನೆಗೆ ತನಗೇ ಗೊತ್ತಿಲ್ಲದಿದ್ದ ಮಾತೊಂದನ್ನು ಆಡಿದಳು: "ನನಗೆ ಈಗ ಅದರ ಮೇಲೆ ಆಸೇನೂ ಇಲ್ಲ ಮೇಡಂ. ವಾರಕ್ಕೊಂದು ಇದ್ದಾಗ ಅದು ನಂದಾಗಿತ್ತು. ಈಗ ಮಾತ್ರೆ ನುಂಗಿದ ಹಾಗೆ ನುಂಗ್ತೀನಿ. ನುಂಗಿದ ಮಾತ್ರೆಗೆ ತೂಕ ಮಾತ್ರ ಏರುತ್ತೆ."

"ನಿಮ್ಮತ್ತೆಗೆ ಹೇಳಿದ್ದೀರಾ? ಆಪರೇಷನ್ನು ಇದರ ಮೇಲೇ ನಿಂತಿದೆ ಅಂತ?"

ಹೇಳಿರಲಿಲ್ಲ. ಕಾಯಿಲೆಯವರ ತಲೆಗೆ ಇನ್ನೊಂದು ಚಿಂತೆ ಯಾಕೆ ಎಂದು ಗಂಡ ಬಾಯಿಗೆ ಬೀಗ ಹಾಕಿಸಿದ್ದ. ಮಂಡಿ ನೋವಿದೆ, ಯಾವಾಗಲೋ ಒಂದು ದಿನ ಆಪರೇಷನ್ ಆಗುತ್ತದೆ. ಅತ್ತೆಗೆ ಗೊತ್ತಿದ್ದದ್ದು ಅಷ್ಟೇ.

ಆ ವಾರವೇ ನಾದಿನಿ ಬಂದಳು. ರೈಲಿನಲ್ಲಿ ಅರ್ಧ ದಿನದ ದೂರದಲ್ಲಿರುವವಳು, ತಾಯಿಯ ಕಾಯಿಲೆಗೆ ದಿನವೂ ಫೋನಿನಲ್ಲಿ ಮದ್ದು ಹೇಳುತ್ತಿದ್ದವಳು. ತೆಳ್ಳಗೆ ಬೆತ್ತದ ಹಾಗಿದ್ದಳು. ಬೆಳಗಾಗೆದ್ದು ನಡೆಯುವವಳು, ಸಕ್ಕರೆಯ ಹೆಸರೆತ್ತಿದರೆ ಮೂಗು ಮುರಿಯುವವಳು. ಬಂದ ದಿನ ಸಂಜೆ ನೀರು ಕುಡಿಯಲು ಅಡುಗೆಮನೆಗೆ ಹೋಗಿ ಕಸದ ಬುಟ್ಟಿಯಲ್ಲಿ ಡೋನಟ್ ಚೀಲಗಳ ರಾಶಿ ನೋಡಿದಳು.

"ಅತ್ತಿಗೆ, ಅಮ್ಮನಿಗೆ ಇದನ್ನಾ ಕೊಡೋದು? ಎಣ್ಣೇಲಿ ಕರಿದಿದ್ದು?"

"ಬೇರೆ ಏನೂ ತಿನ್ನಲ್ಲ."

"ತಿನ್ಸೋಕೆ ಬರಬೇಕು." ನಾದಿನಿಯ ಕಣ್ಣು ಅತ್ತಿಗೆಯ ಸೊಂಟದ ಮೇಲೆ ಇಳಿದು ಅಲ್ಲೇ ನಿಂತಿತು. "ಜೊತೇಲಿ ನೀವೂ ತಿಂತೀರಂತಲ್ಲ. ಅಣ್ಣ ಹೇಳಿದ. ಆಸೆ ನಿಮ್ಮದು, ಹೆಸರು ಅಮ್ಮಂದು."

ದೊಡ್ಡಕ್ಕನಿಗೆ ಎಲ್ಲವನ್ನೂ ವಿವರಿಸಿ ಮುಗಿಸುವಷ್ಟು ಶಕ್ತಿ ಇರಲಿಲ್ಲ. ಕೈಯಲ್ಲಿದ್ದ ಬಟ್ಟಲು ತೊಳೆದಿಟ್ಟು, "ಸರಿ. ನಾಳೆಯಿಂದ ನೀವೇ ತಿನ್ನಿಸಿ" ಅಂದಳು. ಅಂದವಳು ಹೋಗಿ ಮಲಗಿದಳು. ಅಷ್ಟು ಬೇಗ ಅವಳು ಮಲಗಿದ್ದನ್ನು ಮನೆಯವರು ಯಾರೂ ನೋಡಿರಲಿಲ್ಲ.

ಮರುದಿನ ಕೆಲಸ ಮುಗಿದ ಮೇಲೆ ಅಂಗಡಿಯ ತಗ್ಗಿನ ಕುರ್ಚಿಯಲ್ಲಿ ಹೋಗಿ ಕೂತಳು. ಡೋನಟ್ ಬೇಡವೆನ್ನಿಸಿತು. ಹಾಲಿಲ್ಲದ ಚಹಾ ತರಿಸಿಕೊಂಡು ಕಾಲು ಚಾಚಿ, ಅದು ಆರುವ ತನಕ ಕೂತಿದ್ದು ಮನೆಗೆ ಹೋದಳು.

ಮನೆಯಲ್ಲಿ ನಾದಿನಿ ನಾಲ್ಕು ಬಗೆಯ ತರಕಾರಿ ಬೇಯಿಸಿ, ಅರೆದು, ಸೋಸಿ ತಂದಿದ್ದಳಂತೆ. ತಾಯಿ ಗೋಡೆ ಕಡೆ ತಿರುಗಿ ಮಲಗಿದ್ದರಂತೆ. ಮುದ್ದು ಮಾಡಿದಳು, ಗದರಿದಳು, ಅತ್ತಳು. ಅದರ ಮಾರನೆಯ ದಿನವೂ ಅದೇ ಕಥೆ. ಅತ್ತೆ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ. ದೊಡ್ಡಕ್ಕ ಬಾಗಿಲಾಚೆ ನಿಂತು ಕೇಳಿಸಿಕೊಂಡಳೇ ಹೊರತು ಒಳಗೆ ಹೋಗಲಿಲ್ಲ. ಹೋಗದೆ ನಿಂತದ್ದಕ್ಕೆ ಸಮಾಧಾನವೂ ಆಗಲಿಲ್ಲ.

ಮೂರನೆಯ ಸಂಜೆ ಅವಳು ಮನೆಗೆ ಬಂದಾಗ ಅತ್ತೆಯ ಕೋಣೆಯಿಂದ ಮಾತು ಕೇಳುತ್ತಿತ್ತು. ಹಣಿಕಿದರೆ, ಹಾಸಿಗೆಯ ಅಂಚಿನಲ್ಲಿ ತಾಯಿ ಮಗಳು ಎದುರುಬದುರು ಕೂತಿದ್ದಾರೆ, ನಡುವೆ ಕಾಗದದ ಚೀಲ. ಬೆತ್ತದಂಥ ನಾದಿನಿಯ ಗಲ್ಲದ ಮೇಲೆ ಸಕ್ಕರೆ ಪುಡಿ.

ನಾದಿನಿ ಬೆಚ್ಚಿ, "ನಾನು ಒಂದು ಚೂರು, ಅಷ್ಟೇ. ಅಮ್ಮ ಬಿಡ್ಲಿಲ್ಲ" ಅಂದಳು.

"ಒಂದು ಚೂರಾ?" ಅತ್ತೆ ಹುಬ್ಬೇರಿಸಿದರು. "ನನ್ನ ಪಾಲಿಗೂ ಕೈ ಹಾಕಿದ್ದಾಳೆ, ಕೇಳು."

ದೊಡ್ಡಕ್ಕ ನಗಲಿಲ್ಲ. ನಗಬಹುದಿತ್ತು. ಆದರೆ ಮಂಡಿ ಆ ಹೊತ್ತಿಗೆ ಬಾಗುವುದನ್ನೇ ನಿಲ್ಲಿಸಿತ್ತು. ಅವಳು ಕುರ್ಚಿಗೆ ಕೈಯೂರಿ, ಕಾಲನ್ನು ಮರದ ತುಂಡಿನ ಹಾಗೆ ಮುಂದೆ ಚಾಚಿ, ಹಲ್ಲು ಕಚ್ಚಿ ಕೂತಳು.

"ಮತ್ತೆ ಯಾಕೆ ಆ ಆಪರೇಷನ್ ಮಾಡಿಸ್ಕೊಳ್ಳಲ್ಲ ನೀವು?" ಎಂದಳು ನಾದಿನಿ.

"ಹತ್ತು ಕಿಲೋ ಇಳಿಸದೆ ಮಾಡಲ್ವಂತೆ. ಏಳು ಇಳಿಸಿದ್ದೆ. ಮೂರು ವಾಪಸ್ ಬಂದಿದೆ."

ಹೇಳಬಾರದೆಂದಿದ್ದ ಮಾತು ದಣಿವಿನಲ್ಲಿ ಜಾರಿಹೋಯಿತು. ನಾದಿನಿ ಗಲ್ಲ ಒರೆಸಿಕೊಂಡಳು. ಅತ್ತೆ ಕೈಯಲ್ಲಿದ್ದ ಚೂರನ್ನು ಚೀಲದೊಳಗೆ ಹಾಕಿದರು.

"ನನಗೆ ಯಾಕೆ ಹೇಳಲಿಲ್ಲ?"

"ನಿಮಗೆ ಹುಷಾರಿಲ್ಲ ಅಂತ..."

"ಹುಷಾರಿಲ್ದಿರೋದು ಎದೆಗೆ ಕಣೇ, ತಲೆಗಲ್ಲ! ದಿನಾ ಎದುರಿಗೆ ಕೂರಿಸ್ಕೊಂಡು ನಿನ್ನ ಕಾಲು ನಾನೇ ಮುರೀತಿದ್ನಾ? ಎಲ್ಲ ಸೇರಿ ನನ್ನನ್ನ ತೊಟ್ಟಿಲ ಕೂಸು ಮಾಡಿದ್ದೀರಾ?" ಕಾಯಿಲೆ ಬಂದ ಮೇಲೆ ಅಷ್ಟು ಗಟ್ಟಿಯಾದ ದನಿ ಅವರಿಂದ ಬಂದದ್ದು ಅದೇ ಮೊದಲು. ಚೀಲವನ್ನು ದೂರ ತಳ್ಳಿದರು. "ತಗೊಂಡು ಹೋಗು. ಇನ್ನು ಈ ತೂತಿನ ಬನ್ನು ಈ ಕೋಣೆಗೆ ಬರಬಾರದು."

ಅತ್ತೆ ಹೇಳಿದ್ದನ್ನು ಮಾಡಿಯೂ ತೋರಿಸಿದರು. ಮರುದಿನ ತಂದದ್ದನ್ನು ಮುಟ್ಟಲಿಲ್ಲ. ಬೇರೆಯದನ್ನೂ ಮುಟ್ಟಲಿಲ್ಲ. ಮೊದಲು ಸೊಸೆ ತಿನ್ನದಿದ್ದರೆ ತಿನ್ನೆನೆಂಬ ಹಟ, ಈಗ ಸೊಸೆಗೋಸ್ಕರ ತಿನ್ನೆನೆಂಬ ಹಟ. ಎರಡರಲ್ಲೂ ಬಟ್ಟಲು ತುಂಬಿದಂತೆಯೇ ಹಿಂದಕ್ಕೆ ಬರುತ್ತಿತ್ತು, ತೊಳೆಯುವವಳು ಒಬ್ಬಳೇ.

ಆ ಸಂಜೆ ದೊಡ್ಡಕ್ಕ ಅತ್ತೆಯ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಬೇಡಿಕೊಳ್ಳುವ ದನಿ ಅವಳಲ್ಲಿ ಉಳಿದಿರಲಿಲ್ಲ, ಸಿಟ್ಟಿನ ದನಿಯೂ ಉಳಿದಿರಲಿಲ್ಲ. ಬಟ್ಟೆ ಮಡಿಸುವಾಗ ಗಿಳಿಗೆ "ತುದಿ ಹಿಡಿ" ಎನ್ನುವ ದನಿಯಲ್ಲೇ ಹೇಳಿದಳು:

"ಅತ್ತೆ, ನನಗೆ ಸಾಕಾಗಿದೆ. ನೀವು ತಿಂದ್ರೂ ನಾನೇ ಸೋಲ್ತೀನಿ, ತಿನ್ನದಿದ್ರೂ ನಾನೇ ಸೋಲ್ತೀನಿ. ನೀವು ಹೀಗೇ ಒಣಗಿದ್ರೆ ಕಾಲು ರಿಪೇರಿ ಮಾಡಿಸ್ಕೊಂಡು ನಾನೇನು ಕುಣೀಬೇಕಾ?"

ಅತ್ತೆ ದಿಂಬಿಗೆ ಕೈಯೂರಿ ಎದ್ದು ಕೂತರು. ಆಮೇಲೆ ಕೇಳಿದರು: "ಆಸ್ಪತ್ರೆಯವರು ನಿನಗೆ ಎಷ್ಟು ತಿನ್ಬಹುದು ಅಂದಿದ್ದಾರೆ?"

"ವಾರಕ್ಕೊಂದು."

"ಪೂರ್ತಿನಾ?"

"ಪೂರ್ತಿ. ಶನಿವಾರ."

"ಹಾಗಾದ್ರೆ ಶನಿವಾರದ್ದು ನಿಂದು, ನನಗೆ ಅದರಲ್ಲಿ ಪಾಲು ಬೇಡ. ಅಂಗಡೀಲೇ ತಿಂದು ಬಾ. ಅವತ್ತು ನನ್ನ ಮಗ ನನ್ನ ಜೊತೆ ಕೂತ್ಕೊಳ್ಳಲಿ, ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರು ಸ್ವಲ್ಪ ಕಾಯ್ತಾರೆ."

"ಮತ್ತೆ ಉಳಿದ ದಿನ?"

"ನೀನು ಸಂಜೆ ಏನೋ ತಿಂತೀಯಲ್ಲ, ಮೊಟ್ಟೆನೋ ಸೌತೆಕಾಯೋ, ಅದನ್ನ ಇಲ್ಲಿ ತಂದು ತಿನ್ನು. ನಾನು ನನ್ನ ತೂತಿನ ಬನ್ನು ತಿಂತೀನಿ. ನಿನ್ನ ತಟ್ಟೆ ನೋಡಲ್ಲ. ನೀನು ನನ್ನದು ನೋಡ್ಬೇಡ." ಹೊದಿಕೆ ಎಳೆದುಕೊಂಡು, "ಆದ್ರೆ ಸೌತೆಕಾಯಿ ಕರಕರ ಅಂತ ಅಗೀಬೇಡ. ನನಗೆ ಪಾಪ ಅನ್ನಿಸುತ್ತೆ" ಅಂದರು.

ನಾದಿನಿ ಹೊರಡುವ ದಿನ ಬ್ಯಾಗಿನ ಜಿಪ್ಪು ಎಳೆಯುತ್ತಾ, ಮುಖ ಎತ್ತದೆ, "ಅತ್ತಿಗೆ, ನಾನು ಅವತ್ತು ಏನೋ ಅಂದೆ" ಎಂದಳು. ದೊಡ್ಡಕ್ಕ ಮುಂದಿನ ಮಾತಿಗೆ ಕಾಯಲಿಲ್ಲ. "ರೈಲಿಗೆ ಹೊತ್ತಾಯ್ತು" ಎಂದು ಬ್ಯಾಗಿನ ಇನ್ನೊಂದು ಹಿಡಿ ಹಿಡಿದುಕೊಂಡಳು. ಅಂದಿನಿಂದ ಫೋನಿನಲ್ಲಿ ಮದ್ದು ಹೇಳುವುದು ಕಡಿಮೆಯಾಯಿತು. ತಿಂಗಳಿಗೊಮ್ಮೆ ಬಂದು ಎರಡು ದಿನ ಇದ್ದು ಹೋಗತೊಡಗಿದಳು. ಅದೇ ದೊಡ್ಡದು.

ಎಲ್ಲವೂ ಸರಿಹೋಯಿತೆಂದಲ್ಲ. ಎಷ್ಟೋ ಸಂಜೆ ಅತ್ತೆ ಎರಡು ತುತ್ತಿಗೇ ಸಾಕೆನ್ನುತ್ತಿದ್ದರು. ಎಷ್ಟೋ ಸಂಜೆ ದೊಡ್ಡಕ್ಕನ ಕೈ ತಾನೇ ತಾನಾಗಿ ಪಕ್ಕದ ತಟ್ಟೆಯ ಕಡೆ ಸರಿಯುತ್ತಿತ್ತು. ಆಗ ಅತ್ತೆ ತಟ್ಟೆಯನ್ನು ಗೋಡೆ ಕಡೆಗೆ ಎಳೆದುಕೊಳ್ಳುತ್ತಿದ್ದರು. ಶನಿವಾರ ಮಾತ್ರ ಅವಳು ಗೋಡೆ ಬದಿಯ ಕುರ್ಚಿಯಲ್ಲಿ ಒಬ್ಬಳೇ ಕೂತು ತಿನ್ನುತ್ತಿದ್ದಳು. ಮೊದಲ ಎರಡು ವಾರ ರುಚಿಯೇ ಹತ್ತಲಿಲ್ಲ. ಮೂರನೆಯ ವಾರ ಸ್ವಲ್ಪ ಹತ್ತಿತು.

ಗಂಡ ಶನಿವಾರಗಳಂದು ತಾಯಿಯ ಎದುರು ಸಪ್ಪೆ ಬಿಸ್ಕತ್ತು ಹಿಡಿದು ಕೂರುತ್ತಿದ್ದ. ಮೊದಲ ವಾರ ಐದು ನಿಮಿಷಕ್ಕೊಮ್ಮೆ ಫೋನು ನೋಡಿದ. ಒಂದು ದಿನ ಅಡುಗೆಮನೆಗೆ ಬಂದು ತಲೆ ಕೆರೆದುಕೊಳ್ಳುತ್ತಾ, "ಅಮ್ಮ ನಿಜವಾಗ್ಲೂ ಏನೂ ತಿನ್ನಲ್ಲ ಕಣೇ. ನನಗೆ ಗೊತ್ತೇ ಇರಲಿಲ್ಲ" ಅಂದ. ಅವಳು ಸಿಂಕಿನ ಮುಂದೆ ನಿಂತಿದ್ದವಳು, "ಹೂಂ" ಎಂದಳು.

ಮಂಡಿಯ ಡಾಕ್ಟರ ಹತ್ತಿರ ಮತ್ತೆ ಹೋದಾಗ ಹತ್ತಕ್ಕೆ ಇನ್ನೂ ಒಂದು ಕಿಲೋ ಕಡಿಮೆಯಿತ್ತು. ತೂಕದ ಯಂತ್ರದ ಮೇಲೆ ನಿಂತು ಚಪ್ಪಲಿ ಬಿಚ್ಚಿದಳು, ಬಳೆ ಬಿಚ್ಚಿದಳು, ಉಸಿರನ್ನೂ ಬಿಟ್ಟಳು, ಮುಳ್ಳು ಅಲ್ಲಾಡಲಿಲ್ಲ. ಡಾಕ್ಟರು ಅವಳು ಬಾಗಿಲಿನಿಂದ ಕುರ್ಚಿಯ ತನಕ ನಡೆದು ಬಂದದ್ದನ್ನು ನೋಡಿದ್ದರು. ಪೆನ್ನು ತಿರುಗಿಸುತ್ತಾ, "ಇರಲಿ ಬಿಡಿ, ಇಷ್ಟು ಸಾಕು. ಮುಂದಿನ ತಿಂಗಳು ಮಾಡಿಬಿಡೋಣ" ಅಂದರು.

ಸಂತೋಷವಾಗಬೇಕಿತ್ತು. ಆದರೆ ಇಷ್ಟು ಹೊತ್ತು ಎಳೆದು ಹಿಡಿದಿದ್ದ ಹಗ್ಗವನ್ನು ಯಾರೋ ಆ ತುದಿಯಿಂದ ಬಿಟ್ಟಂತೆ ಮೈಯೆಲ್ಲ ಸಡಿಲಾಯಿತು. ಬಸ್ಸಿಳಿದು, ಮನೆಯ ಮೆಟ್ಟಿಲನ್ನು ಕಂಬಿ ಹಿಡಿದು ಒಂದೊಂದಾಗಿ ಹತ್ತಿ, ಅತ್ತೆಯ ಕೋಣೆಗೆ ಹೋಗಿ ವಿಷಯ ಹೇಳಿದಳು. ಅವರ ಹಾಸಿಗೆಯ ಕಾಲ ಬದಿಯಲ್ಲೇ ಅಡ್ಡವಾಗಿ ಮಲಗಿ, ಕಾಲಿನ ಕೆಳಗೆ ಒಂದು ದಿಂಬು ಎಳೆದುಕೊಂಡಳು.

ಗಂಡ ಬಾಗಿಲಲ್ಲಿ ನಿಂತಿದ್ದ.

"ತುಂಬಾ ನೋಯುತ್ತಾ ಆ ಆಪರೇಷನ್ನು?" ಎಂದರು ಅತ್ತೆ.

"ಮತ್ತು ಬರೋ ಇಂಜೆಕ್ಷನ್ ಕೊಡ್ತಾರಂತೆ ಅಮ್ಮ, ಗೊತ್ತಾಗಲ್ಲ" ಎಂದ ಗಂಡ.

"ನಿನ್ನನ್ನ ಕೇಳಲಿಲ್ಲ. ಇವಳು ಆಸ್ಪತ್ರೇಲಿರುವಾಗ ನನಗೆ ಸಂಜೆ ಯಾರು ತಂದುಕೊಡ್ತಾರೆ?"

"ನಾನು ತರ್ತೀನಿ."

"ನೀನು ಚಾಕ್ಲೇಟ್ ಬಳಿದಿದ್ದು ತರ್ತೀಯ. ನನಗೆ ಪುಡಿ ಉದುರಿಸಿದ್ದೇ ಬೇಕು. ಅದೂ ಎರಡು ಥರ ಇದೆಯಂತೆ. ಇವಳನ್ನ ಕೇಳು ಯಾವುದು ಅಂತ."

"ಯಾವುದೇ ಅದು?" ಎಂದು ಅವನು ಹೆಂಡತಿಯ ಕಡೆ ತಿರುಗಿದ.

ದೊಡ್ಡಕ್ಕ ಚಪ್ಪಲಿ ಸಹ ಬಿಚ್ಚದೆ ನಿದ್ದೆ ಹೋಗಿದ್ದಳು.